ಪ್ರತಿಕಾಯ: ಎದುರು ನಿಂತ ಪದ ಒಳಹೊಕ್ಕ ಬಗೆ

ಕೋವಿಡ್ ದಿನಗಳಲ್ಲಿ ‘ಪ್ರತಿಕಾಯ’ ಎಂಬ ಪದ ಪಠ್ಯಪುಸ್ತಕದಿಂದ ಎದ್ದು ದಿನಪತ್ರಿಕೆಯ ಮುಖಪುಟಕ್ಕೆ ಬಂತು. ಸೋಂಕಿಗೆ ಎದುರಾಗಿ ಮೈ ತಾನೇ ತಯಾರಿಸಿಕೊಳ್ಳುವ ಪ್ರೋಟೀನು, ಇಂಗ್ಲಿಷಿನವರ ಆಂಟಿಬಾಡಿ. ಆದರೆ ಪದದ ವಯಸ್ಸು ಆ ವಿಜ್ಞಾನದ ವಯಸ್ಸಿಗಿಂತ ಬಹಳ ಹಿರಿದು. ಸಂಸ್ಕೃತ ನಿಘಂಟು ತೆರೆದರೆ ‘ಪ್ರತಿಕಾಯ’ಕ್ಕೆ ಮೂರು ಅರ್ಥ ಸಿಗುತ್ತವೆ: ಎದುರಾಳಿ, ಪ್ರತಿರೂಪ, ಗುರಿ. ಈ ಮೂರನ್ನೂ ವಿಜ್ಞಾನ ಒಂದೊಂದಾಗಿ ನಿಜ ಮಾಡಿ ತೋರಿಸಿದೆ.

ಮೊದಲು ಪದವನ್ನು ಬಿಡಿಸೋಣ. ‘ಕಾಯ’ದ ಮೂಲ ‘ಚಿ’ ಧಾತು. ಕೂಡಿಹಾಕು, ಪೇರಿಸು ಎಂದು ಅರ್ಥ. ಇಲ್ಲಿನ ‘ಚ’ಕಾರ ‘ಕ’ಕಾರವಾಗುವುದು ವಾಸಸ್ಥಾನ, ಚಿತಿ, ಶರೀರ, ರಾಶಿ ಎಂಬ ಅರ್ಥಗಳಲ್ಲಿ ಎಂದು ಪಾಣಿನಿ ಒಂದೇ ಸೂತ್ರದಲ್ಲಿ ಹೇಳಿದ್ದಾನೆ. ಬೌದ್ಧರ ‘ನಿಕಾಯ’ವೂ ಇದೇ ಬಳ್ಳಿಯದು. ಕಾಯವೆಂದರೆ ಕೂಡಿಬಂದದ್ದು. ಇನ್ನು ‘ಪ್ರತಿ’. ಅದು ಪ್ರತಿವಾದಿಯಲ್ಲಿ ಎದುರು, ಪ್ರತಿಬಿಂಬದಲ್ಲಿ ಹೋಲಿಕೆ. ಸಂಸ್ಕೃತದಲ್ಲಿ ‘ಗ್ರಾಮಂ ಪ್ರತಿ’ ಎಂದರೆ ಊರಿನ ಕಡೆಗೆ. ಎದುರಿಸುವವನೂ ಮೊದಲು ಆ ಕಡೆಗೆ ಮುಖ ಮಾಡಲೇಬೇಕಲ್ಲ!

ಇನ್ನು ವಿಜ್ಞಾನದ ಕಡೆಗೆ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಒಂದು ಸಂಗತಿ ಕಂಡುಕೊಂಡರು. ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತಸಾರ ಇನ್ನೊಂದು ಪ್ರಾಣಿಯನ್ನೂ ಆ ವಿಷದಿಂದ ಉಳಿಸುತ್ತಿತ್ತು. ಮರುವರ್ಷ ವಿಜ್ಞಾನಿ ಪಾಲ್ ಏರ್ಲಿಖ್ ತನ್ನ ಬರಹದಲ್ಲಿ ‘ಆಂಟಿಕ್ಯೋರ್ಪರ್’ ಎಂಬ ಪದ ಬಳಸಿದ. ಜರ್ಮನಿನ ‘ಕ್ಯೋರ್ಪರ್’ ದೇಹವೂ ಹೌದು, ರಸಾಯನಶಾಸ್ತ್ರಜ್ಞರ ಬಾಯಲ್ಲಿ ವಸ್ತುವೂ ಹೌದು. ಅದು ಇಂಗ್ಲಿಷಿನಲ್ಲಿ ‘ಬಾಡಿ’ಯಾಯಿತು, ನಮ್ಮಲ್ಲಿ ‘ಕಾಯ’ವಾಯಿತು. ಹೀಗೆ ಮೊದಲು ಜೀವ ತಳೆದದ್ದು ‘ಎದುರಾಳಿ’ ಎಂಬ ಅರ್ಥ.

ಎರಡನೆಯದು ಹಿಂಬಾಲಿಸಿತು. ಕೀಲಿಕೈ ಬೀಗಕ್ಕೆ ಕೂರುವಂತೆ ಪ್ರತಿಕಾಯ ತನ್ನ ವಸ್ತುವಿಗೆ ಕೂರುತ್ತದೆಂದು ಏರ್ಲಿಖ್ ಊಹಿಸಿದ್ದ. ಅದರ ರಚನೆ ಬಿಡಿಸಿಟ್ಟ ಎಡೆಲ್ಮನ್ ಮತ್ತು ಪೋರ್ಟರ್‌ಗೆ 1972ರಲ್ಲಿ ನೊಬೆಲ್ ಬಂತು. ಬಾಳೆಗೊನೆಗೆ ಆಸರೆ ಕೊಡುವ ಕವೆಗೋಲನ್ನು ನೆನೆಯಿರಿ: ಕೆಳಗೆ ಕಾಂಡ, ಮೇಲೆ ಎರಡು ಕವಲು. ಪ್ರತಿಕಾಯದ ಆಕಾರವೂ ಅದೇ. ಕವಲಿನ ತುದಿಯ ತಗ್ಗುದಿಣ್ಣೆಗಳು ಹಿಡಿಯಬೇಕಾದ ವಸ್ತುವಿನ ದಿಣ್ಣೆತಗ್ಗುಗಳಿಗೆ ಹೊಂದುತ್ತವೆ. ಅಚ್ಚಿಗೂ ಬೆಲ್ಲಕ್ಕೂ ಇರುವ ನಂಟು ಇದು, ಪ್ರತಿರೂಪ.

ಮೂರನೆಯ ಅರ್ಥಕ್ಕೆ ಒಂದು ಕಾಯಿಲೆಯ ದಾರಿಯಲ್ಲಿ ಹೋಗಬೇಕು. 1917ರಲ್ಲಿ ಕೆನಡಾದ ವೈದ್ಯ ಚಾರ್ಲ್ಸ್ ಹಂಟರ್ ಇಬ್ಬರು ಸೋದರರಲ್ಲಿ ಗುರುತಿಸಿದ ರೋಗಕ್ಕೆ ಅವನ ಹೆಸರೇ ನಿಂತಿದೆ. ಒಂದು ಕಿಣ್ವದ ಕೊರತೆಯಿಂದ ಉದ್ದನೆಯ ಸಕ್ಕರೆ ಸರಪಳಿಗಳು ಕರಗದೆ ಜೀವಕೋಶದೊಳಗಿನ ಲೈಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಪೇರುತ್ತ ಹೋಗುತ್ತವೆ. ಕೂಡಿಬಂದ ಕಾಯದೊಳಗೆ ಕೂಡಬಾರದ ರಾಶಿ! ಕೀಲುಗಳು ಬಿಗಿಯುತ್ತವೆ, ಪಿತ್ತಜನಕಾಂಗ ಊದುತ್ತದೆ. ತೀವ್ರ ಬಗೆಯಲ್ಲಿ ಮಗು ಕಲಿತ ಮಾತುಗಳನ್ನೇ ಒಂದೊಂದಾಗಿ ಕಳೆದುಕೊಳ್ಳುತ್ತದೆ.

ಇಲ್ಲದ ಕಿಣ್ವವನ್ನು ರಕ್ತನಾಳಕ್ಕೆ ಕೊಡುವ ಔಷಧಿ 2006ರಲ್ಲೇ ಬಂತು. ಆದರೆ ಮಿದುಳಿನ ರಕ್ತನಾಳಗಳ ಗೋಡೆ ಅದನ್ನು ಒಳಗೆ ಬಿಡಲಿಲ್ಲ. ಆದರೂ ಆ ಗೋಡೆ ಕಬ್ಬಿಣಕ್ಕೆ ಬಾಗಿಲು ತೆರೆಯುತ್ತದೆ: ಕಬ್ಬಿಣ ಹೊತ್ತು ತರುವ ಟ್ರಾನ್ಸ್‌ಫೆರಿನ್ ಪ್ರೋಟೀನಿಗೆಂದೇ ಅಲ್ಲಿ ಗ್ರಾಹಕಗಳಿವೆ. ಜಪಾನಿನ ಜೆಸಿಆರ್ ಸಂಸ್ಥೆಯವರು ಆ ಗ್ರಾಹಕವನ್ನು ಹಿಡಿಯುವ ಪ್ರತಿಕಾಯವನ್ನು ತೆಗೆದುಕೊಂಡು, ಅದರ ಕಾಂಡದ ತುದಿಗೆ ಕಿಣ್ವವನ್ನು ಬೆಸೆದರು. ವ್ಯಾಕರಣದ ಕಣ್ಣಿಗೆ ಇದೊಂದು ಸಮಾಸ: ಎರಡು ಪದ ಕೂಡಿ ಒಂದಾಗಿವೆ, ಎರಡರ ಅರ್ಥವೂ ಉಳಿದಿದೆ. ಕವಲು ಗ್ರಾಹಕವನ್ನು ಹಿಡಿಯುತ್ತದೆ. ಕೋಶದ ಪೊರೆ ಒಳಕ್ಕೆ ಬಾಗಿ, ಪುಟ್ಟ ಚೀಲವಾಗಿ, ಪ್ರತಿಕಾಯ, ಕಿಣ್ವ ಎರಡನ್ನೂ ಒಟ್ಟಿಗೆ ಒಳಗೆ ಒಯ್ಯುತ್ತದೆ. ಹೀಗೆ ಗೋಡೆ ದಾಟಿದ ಕಿಣ್ವ ಮಿದುಳಿನ ಕೋಶಗಳನ್ನು ಹೊಕ್ಕು ರಾಶಿಯನ್ನು ಕರಗಿಸತೊಡಗುತ್ತದೆ. ‘ಪಾಬಿನಫಸ್ಪ್ ಆಲ್ಫಾ’ ಎಂಬ ಈ ಔಷಧಿಗೆ ಜಪಾನ್ 2021ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಇಲ್ಲಿ ಪ್ರತಿಕಾಯ ಯಾರ ಮೇಲೂ ಹೋರಾಡುವುದಿಲ್ಲ. ಗುರಿ ಗೊತ್ತಿರುವ ಹೊರೆಯಾಳಾಗಿ ಅದು ಬುತ್ತಿ ಹೊತ್ತು ನಡೆಯುತ್ತದೆ. ‘ಆಂಟಿ’ ಎಂಬ ಉಪಸರ್ಗಕ್ಕೆ ಈ ಕೆಲಸವನ್ನು ಹೇಳುವ ಶಕ್ತಿ ಇಲ್ಲ. ನಮ್ಮ ‘ಪ್ರತಿ’ಗೆ ಇದೆ. ವಿಜ್ಞಾನದ ಕನ್ನಡ ಬರೀ ತರ್ಜುಮೆ, ಒಣ ಸರಕು ಎಂದು ಯಾರಾದರೂ ಅಂದಾಗ ನನಗೆ ಈ ಪದ ನೆನಪಾಗುತ್ತದೆ. ಮಾತು ಕಳೆದುಕೊಳ್ಳುತ್ತಿರುವ ಮಗುವಿನ ಕಡೆಗೆ ಒಂದು ಕಿಣ್ವ ಹೊರಟಾಗ, ಆ ‘ಕಡೆಗೆ’ ಎಂಬ ಅರ್ಥ ಪದದೊಳಗೆ ಮೊದಲೇ ಇತ್ತು.