ಅಣುಸ್ಥಾವರಕ್ಕೊಬ್ಬ ಆಡಿಟರ್: ಕೋಲಾರದ ಗಣಿಯಿಂದ ಕೈಗಾದವರೆಗೆ

ಇವತ್ತಿನ ಸಂಚಿಕೆ ಒಂದು ಲೆಕ್ಕಪತ್ರದ ಕಥೆ. ನಾನು ಬಿ.ಕಾಂ. ಓದಿದವನು, ಫಿಸಿಕ್ಸ್ ಪುಸ್ತಕ ಮುಚ್ಚಿಟ್ಟು ಹತ್ತು ವರ್ಷದ ಮೇಲಾಯ್ತು. ಆದರೂ ಈ ವಿಷಯ ಹಿಡಿದು ಕೂತಾಗ ನನಗೆ ಚೆನ್ನಾಗಿ ಗೊತ್ತಿರೋ ಒಂದು ಪದವೇ ಮತ್ತೆ ಮತ್ತೆ ಎದುರಾಯ್ತು: ಆಡಿಟ್.

ರಿಯಾಕ್ಟರ್‌ನಲ್ಲಿ ಯುರೇನಿಯಂ ಪರಮಾಣು ಒಡೆದಾಗ ಶಾಖ ಬರುತ್ತೆ, ಅದರಿಂದ ಕರೆಂಟ್. ಜೊತೆಗೆ ಪ್ಲುಟೋನಿಯಂ ಅನ್ನೋ ಹೊಸ ಧಾತುವೂ ಒಳಗೇ ಹುಟ್ಟುತ್ತೆ. ಅದರಿಂದ ಬಾಂಬ್ ಮಾಡಬಹುದು. ಹಾಗಾಗಿ ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಇನ್‌ಸ್ಪೆಕ್ಟರ್‌ಗಳು ದೇಶ ದೇಶ ಸುತ್ತಿ ಇಂಧನ ಎಣಿಸ್ತಾರೆ, ಸೀಲ್ ಹಾಕ್ತಾರೆ, ಕ್ಯಾಮೆರಾ ಇಡ್ತಾರೆ. ಇದಕ್ಕೆ ಸೇಫ್‌ಗಾರ್ಡ್ಸ್ ಅಂತ ಹೆಸರು. ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ ಸ್ಟಾಕ್ ವೆರಿಫಿಕೇಶನ್. ತೊಂದರೆ ಏನು ಗೊತ್ತಾ? ರಿಜಿಸ್ಟರ್ ಬರೆಯೋದು ಮಾಲೀಕ. ಗೋಡೌನ್ ಬೀಗದ ಕೈಯೂ ಅವನ ಹತ್ತಿರವೇ ಇರುತ್ತೆ.

ಮಾಲೀಕ ಮುಚ್ಚಿಡೋಕೆ ಆಗದ ಸಾಕ್ಷಿ ಒಂದಿದೆ. ಅದರ ಹೆಸರು ಆಂಟಿನ್ಯೂಟ್ರಿನೊ. ಒಂದು ಪರಮಾಣು ಒಡೆದಾಗ ಸರಾಸರಿ ಆರು ಆಂಟಿನ್ಯೂಟ್ರಿನೊಗಳು ಹೊರಬೀಳುತ್ತವೆ. ಒಂದು ಸಾವಿರ ಮೆಗಾವಾಟ್ ಶಾಖ ಕೊಡುವ ರಿಯಾಕ್ಟರ್‌ನಿಂದ ಸೆಕೆಂಡಿಗೆ ಹೊರಡುವ ಸಂಖ್ಯೆ ಬರೀಬೇಕಂದ್ರೆ 2 ಹಾಕಿ ಮುಂದೆ 20 ಸೊನ್ನೆ ಸೇರಿಸಿ. ಕಾಂಕ್ರೀಟ್, ಸೀಸ, ಬೆಟ್ಟ, ಕೊನೆಗೆ ಇಡೀ ಭೂಮಿ, ಯಾವುದೂ ಅದನ್ನು ತಡೆಯಲ್ಲ. ಆದರೆ ಎಲ್ಲವನ್ನೂ ದಾಟಿ ಹೋಗೋದನ್ನ ಡಿಟೆಕ್ಟರ್‌ನಲ್ಲಿ ಹಿಡಿಯೋದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮವರೂ ಇದ್ದಾರೆ.

ಈ ಕಥೆಯಲ್ಲಿ ಇಬ್ಬರು ಮೈಸೂರು ಸಂಸ್ಥಾನದವರು ಬರ್ತಾರೆ. ಇಬ್ಬರೂ ಹುಟ್ಟಿದ್ದು 1925ರಲ್ಲೇ. ಒಬ್ಬರು ನಂಜನಗೂಡಿನ ಬಿ.ವಿ. ಶ್ರೀಕಂಠನ್. ಇನ್ನೊಬ್ಬರು ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣ.

ಮೊದಲು ಶ್ರೀಕಂಠನ್. 1951ರಲ್ಲಿ ಹೋಮಿ ಭಾಭಾ ಈ ಹುಡುಗನನ್ನ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕೆಲಸ ಮ್ಯುವಾನ್ ಎಣಿಸೋದು. ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣ ಅದು. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದೋ ಎರಡೋ ಅದರ ಮೂಲಕ ಹಾದುಹೋಗ್ತಾ ಇರುತ್ತವೆ. ಹುಲಿಯೂರುದುರ್ಗದ ಬೆಟ್ಟ ನೋಡಿದವರಿಗೆ ಗೊತ್ತು, ಆ ಬೋಳು ಬಂಡೆ ಎಷ್ಟು ದೊಡ್ಡದು ಅಂತ. ಅಷ್ಟು ಬಂಡೆಯ ಕೆಳಗೆ ಕೂತರೂ ಸ್ವಲ್ಪ ಮ್ಯುವಾನ್ ತೂರಿಕೊಂಡು ಬರುತ್ತವೆ. ಅದಕ್ಕೇ ಕೋಲಾರ ಬೇಕಾಯ್ತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು.

ಗಣಿಯಲ್ಲಿ ಇಳಿದಷ್ಟೂ ಎಣಿಕೆ ಕಡಿಮೆ ಆಗ್ತಾ ಹೋಯ್ತು. 1960ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಎರಡೂವರೆ ಕಿಲೋಮೀಟರಿಗಿಂತಲೂ ಆಳದಲ್ಲಿ ಡಿಟೆಕ್ಟರ್ ಇಟ್ಟು ಸುಮಾರು ಎರಡು ತಿಂಗಳು ಕಾಯಿತು. ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಫೇಲ್ ಅಂತ ಕಟ್ಟಿಟ್ಟುಬಿಡ್ತಿದ್ದರೇನೋ. ಇವರಿಗೆ ಹೊಳೆದದ್ದೇ ಬೇರೆ: ಇಷ್ಟು ನಿಶ್ಶಬ್ದ ಇದ್ದರೆ, ಇಲ್ಲಿ ಬರುವ ಸದ್ದು ನ್ಯೂಟ್ರಿನೊದ್ದೇ ಆಗಿರಬೇಕು.

ಮುಂಬೈ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್, ಮೂರೂ ಕಡೆಯವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳ ಎರಡು ಗೋಡೆ ಎದುರುಬದುರು ನಿಲ್ಲಿಸಿದರು. ಸಿಂಟಿಲೇಟರ್ ಅಂದ್ರೆ ಕಣ ಹಾದುಹೋದಾಗ ಸಣ್ಣಗೆ ಮಿಂಚುವ ವಸ್ತು. ಉಪಾಯ ಸರಳ. ಅಳಿದುಳಿದ ಮ್ಯುವಾನ್ ಮೇಲಿನಿಂದ ಬರುತ್ತೆ. ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿಸಿದ ಮ್ಯುವಾನ್ ಅಡ್ಡಡ್ಡಲಾಗಿಯೂ ಬರಬಹುದು. ಎರಡು ಗೋಡೆಯನ್ನೂ ಅಡ್ಡಕ್ಕೆ ದಾಟಿದ್ದು ಸಿಕ್ಕರೆ ಅದು ನಮ್ಮ ಗಿರಾಕಿ.

1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಜಗತ್ತಿಗೆ ಮೊದಲು ವರದಿ ಮಾಡಿದ ಪ್ರಬಂಧ ಪ್ರಕಟವಾದ ದಿನಾಂಕ ಆಗಸ್ಟ್ 15. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೆ ಫೆಬ್ರವರಿಯಲ್ಲೇ ಸಿಕ್ಕಿತ್ತು, ಪ್ರಕಟಣೆ ಮಾತ್ರ ಎರಡು ವಾರ ತಡ. ಯಾರು ಮೊದಲು ಅನ್ನೋ ಜಗಳ ನನಗೆ ಬೇಡ. ನನಗೆ ಬೇಕಾದ್ದು ರೈನ್ಸ್ ಅನ್ನೋ ಹೆಸರು. ಯಾಕಂದ್ರೆ 1956ರಲ್ಲಿ ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕದಲ್ಲಿ ಕ್ಲೈಡ್ ಕೋವನ್ ಜೊತೆ ಸೇರಿ ಆಂಟಿನ್ಯೂಟ್ರಿನೊವನ್ನು ಮೊದಲು ಹಿಡಿದವರೂ ಇವರೇ. ಅಲ್ಲಿನ ತಂತ್ರ ಎರಡು ಮಿಂಚಿನದು. ಆಂಟಿನ್ಯೂಟ್ರಿನೊ ಒಂದು ಪ್ರೋಟಾನಿಗೆ ಬಡಿದರೆ ಪಾಸಿಟ್ರಾನ್ ಹುಟ್ಟಿ ಕೂಡಲೇ ಒಂದು ಮಿಂಚು; ಜೊತೆಗೆ ಹುಟ್ಟಿದ ನ್ಯೂಟ್ರಾನ್ ಅಲೆದಾಡಿ, ಕೆಲವು ಮೈಕ್ರೋಸೆಕೆಂಡ್ ಆದಮೇಲೆ ಇನ್ನೊಂದು ಪರಮಾಣುವಿನ ಕೈಗೆ ಸಿಕ್ಕಿಬಿದ್ದಾಗ ಎರಡನೇ ಮಿಂಚು. ಡೆಬಿಟ್, ಹಿಂದೆಯೇ ಕ್ರೆಡಿಟ್. ಎರಡೂ ಟ್ಯಾಲಿ ಆದರೆ ಮಾತ್ರ ಎಂಟ್ರಿ.

ಈಗ ರಾಮಣ್ಣ. 1960ರಲ್ಲಿ ಮುಂಬೈ ಹತ್ತಿರದ ಟ್ರಾಂಬೆಯಲ್ಲಿ ಸೈರಸ್ ರಿಯಾಕ್ಟರ್ ಶುರುವಾಯ್ತು. ವಿನ್ಯಾಸ ಕೆನಡಾದ್ದು, ಭಾರಜಲ ಅಮೆರಿಕದ್ದು. ಶಾಂತಿಯುತ ಉದ್ದೇಶಕ್ಕೆ ಮಾತ್ರ ಅನ್ನೋ ಮಾತು ಕಾಗದದ ಮೇಲಿತ್ತು. ಅಂತರರಾಷ್ಟ್ರೀಯ ಆಡಿಟರ್ ಇರಲಿಲ್ಲ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನೆಲ ನಡುಗಿತಲ್ಲ, ಅದಕ್ಕೆ ಪ್ಲುಟೋನಿಯಂ ಬಂದದ್ದು ಸೈರಸ್‌ನಿಂದ. ಆ ತಂಡದ ಮುಂದಾಳು, ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ. ಶಾಂತಿಯುತ ಸ್ಫೋಟ ಅಂತ ದೆಹಲಿ ಹೇಳಿತು. ಕೆನಡಾ ಒಪ್ಪಲಿಲ್ಲ, ಸಹಕಾರ ನಿಲ್ಲಿಸಿತು. ಅಣು ಸಾಮಗ್ರಿ ಮಾರುವ ದೇಶಗಳು ಕೂಟ ಕಟ್ಟಿಕೊಂಡು ನಿಯಮ ಬಿಗಿ ಮಾಡಿದವು. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ: ಅದನ್ನು ಮೋಸ ಅನ್ನೋದೂ ಅರ್ಧ ಸತ್ಯ, ಬರೀ ಹೆಮ್ಮೆ ಅನ್ನೋದೂ ಅರ್ಧ ಸತ್ಯ. ಅಸ್ಪಷ್ಟವಾಗಿ ಬರೆದ ಕರಾರಿಗೆ ಎರಡೂ ಪಾರ್ಟಿ ಸಹಿ ಹಾಕಿದ್ದರು.

ಪೋಖ್ರಾನ್ ಆದ ಕೆಲವೇ ವರ್ಷಗಳಲ್ಲಿ ಸೋವಿಯತ್ ವಿಜ್ಞಾನಿಗಳು ಒಂದು ಸಲಹೆ ಮುಂದಿಟ್ಟರು: ರಿಯಾಕ್ಟರ್ ಹೊರಗೆ ಕೂತು ಆಂಟಿನ್ಯೂಟ್ರಿನೊ ಎಣಿಸಿದರೆ ಒಳಗೆ ಏನು ನಡೀತಿದೆ ಅಂತ ತಿಳಿಯಬಹುದು. 1980ರ ದಶಕದಲ್ಲಿ ಈಗಿನ ಉಕ್ರೇನ್‌ನ ರೋವ್ನೊ ಸ್ಥಾವರದಲ್ಲಿ ಅದನ್ನು ಮಾಡಿಯೂ ತೋರಿಸಿದರು. ಯುರೇನಿಯಂ ಒಡೆದಾಗ ಡಿಟೆಕ್ಟರ್‌ಗೆ ಸಿಗುವ ಎಣಿಕೆಗಿಂತ ಪ್ಲುಟೋನಿಯಂ ಒಡೆದಾಗ ಸಿಗೋದು ಕಡಿಮೆ. ಅಂದ್ರೆ ಇಂಧನದಲ್ಲಿ ಪ್ಲುಟೋನಿಯಂ ಕೂಡುತ್ತಾ ಹೋದ ಹಾಗೆ, ಪವರ್ ಅಷ್ಟೇ ಇದ್ದರೂ, ಎಣಿಕೆ ನಿಧಾನವಾಗಿ ಇಳಿಯುತ್ತೆ. ಈ ಇಳಿತವನ್ನು 2000ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆ ಸ್ಥಾವರದಲ್ಲಿ, ರಿಯಾಕ್ಟರ್‌ನಿಂದ 25 ಮೀಟರ್ ದೂರದಲ್ಲಿಟ್ಟ ಸಣ್ಣ ಡಿಟೆಕ್ಟರ್ ಕೂಡ ಕಂಡಿತು.

ನಮ್ಮಲ್ಲಿ ಈಗ ಇದೇ ಕೆಲಸ ನಡೆಯುತ್ತಿರೋದು ಟ್ರಾಂಬೆಯಲ್ಲಿ, ಸೈರಸ್‌ನ ಪಕ್ಕದ 100 ಮೆಗಾವಾಟ್‌ನ ಧ್ರುವ ರಿಯಾಕ್ಟರ್ ಹಾಲ್‌ನಲ್ಲಿ. ಪ್ರಯೋಗದ ಹೆಸರು ಇಸ್ಮ್ರಾನ್. ತಲಾ ಒಂದು ಮೀಟರ್ ಉದ್ದದ 90 ಪ್ಲಾಸ್ಟಿಕ್ ಸಿಂಟಿಲೇಟರ್ ಪಟ್ಟಿಗಳು, ಗ್ಯಾಡೊಲಿನಿಯಂ ಲೇಪಿಸಿದ ಹಾಳೆ ಸುತ್ತಿ ಪೇರಿಸಿದ್ದು. ಒಟ್ಟು ತೂಕ ಸುಮಾರು ಒಂದು ಟನ್, ರಿಯಾಕ್ಟರ್‌ನಿಂದ ದೂರ ಸುಮಾರು 13 ಮೀಟರ್. ದ್ರವ ತುಂಬಿದ ಡಿಟೆಕ್ಟರ್ ಆಗಿದ್ದರೆ ಬೆಂಕಿಯ ಭಯ, ಸೋರಿಕೆಯ ಭಯ, ಪ್ಲಾಸ್ಟಿಕ್‌ಗೆ ಅದಿಲ್ಲ. ಕೋಲಾರದಲ್ಲಿದ್ದ ಎರಡು ಕಿಲೋಮೀಟರ್ ಬಂಡೆಯ ಹೊದಿಕೆ ಇಲ್ಲಿಲ್ಲ. ಅದರ ಬದಲು ಸೀಸ ಮತ್ತು ಬೋರಾನ್ ಬೆರೆಸಿದ ಪ್ಲಾಸ್ಟಿಕ್ ಕವಚ. ಆಮೇಲೆ ಆಕಾಶದ ಗದ್ದಲದಿಂದ ರಿಯಾಕ್ಟರ್‌ನ ಪಿಸುಮಾತು ಬೇರೆ ಮಾಡೋ ಕೆಲಸ ಕಂಪ್ಯೂಟರಿನದು. ಗಮನಿಸಿ, ಧ್ರುವ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟಿಲ್ಲ. ಆಡಿಟ್ ಇಲ್ಲದ ಅಂಗಡಿಯಲ್ಲೇ ಆಡಿಟ್ ಕಲಿಯುವ ತರಬೇತಿ!

ಇದು ನಮಗ್ಯಾಕೆ ಅಂದ್ರೆ ಕೈಗಾ ಇದೆಯಲ್ಲ. ಉತ್ತರ ಕನ್ನಡದ ಕಾಡಿನೊಳಗೆ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಈ ಜಾತಿಯ ರಿಯಾಕ್ಟರ್‌ಗೆ ಓಡುತ್ತಿರುವಾಗಲೇ ಇಂಧನ ಬದಲಾಯಿಸಬಹುದು. ಕರೆಂಟಿಗೆ ಅದು ವರ, ಲೆಕ್ಕ ನೋಡುವವನಿಗೆ ತಲೆನೋವು: ನಿಲ್ಲಿಸಿ, ಬಾಗಿಲು ತೆಗೆದು, ಎಣಿಸುವ ದಿನವೇ ಬರಲ್ಲ. ಇದೇ ತರಹದ ವಿದೇಶಿ ಸ್ಥಾವರಗಳಲ್ಲಿ ಹೊರಬರುವ ಒಂದೊಂದು ಇಂಧನ ಕಟ್ಟನ್ನೂ ಎಣಿಸುವ ಕಣ ಡಿಟೆಕ್ಟರ್‌ಗಳನ್ನು ವಿಯೆನ್ನಾದವರು ಕೂರಿಸಿದ್ದಾರೆ. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ಭಾರತ 22 ರಿಯಾಕ್ಟರ್‌ಗಳಲ್ಲಿ 14ನ್ನು ತಪಾಸಣೆಗೆ ಒಪ್ಪಿಸಿತು. ಕೈಗಾದ ನಾಲ್ಕೂ ಆ ಪಟ್ಟಿಯಲ್ಲಿಲ್ಲ.

ಕೈಗಾಕ್ಕೂ ಇಂಥದ್ದೊಂದು ಡಿಟೆಕ್ಟರ್ ಬರಲಿ ಅನ್ನೋದು ನನ್ನ ಆಸೆ. ವಿಯೆನ್ನಾಕ್ಕೆ ವರದಿ ಒಪ್ಪಿಸೋಕಲ್ಲ. ಅದರ ಪಕ್ಕದ ಹಳ್ಳಿಯವರು, ಕಾರವಾರದ ಕಾಲೇಜು ಹುಡುಗರು ಫೋನ್‌ನಲ್ಲೇ ನೋಡಬಹುದಾದ ಒಂದು ಗ್ರಾಫ್ ಇರಲಿ ಅಂತ. ಇಸ್ಮ್ರಾನ್ ಕಟ್ಟಿರೋದು ಚಕ್ರದ ಚೌಕಟ್ಟಿನ ಮೇಲೆ, ತಳ್ಳಿಕೊಂಡು ಹೋಗಬಹುದು.