ತಲೆಬುರುಡೆಯ ತಳಕ್ಕೆ ದಾರಿ

ತಾಂಡೂರಿನ ಹಾಸುಗಲ್ಲನ್ನು ನಿತ್ಯ ಕಾಣುವ ನಮಗೆ ತಳವೆಂದರೆ ಸಮತಟ್ಟಾದುದೆಂಬ ಭಾವನೆ ಸಹಜ. ತಲೆಬುರುಡೆಯ ತಳವು ಹಾಗಲ್ಲ. ಅದು ಏರುತಗ್ಗುಗಳುಳ್ಳದ್ದು, ಮಿದುಳಿನಿಂದ ಹೊರಡುವ ನರಗಳೂ ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳೂ ಅದರ ರಂಧ್ರಗಳಲ್ಲಿಯೇ ಹಾದುಹೋಗುವುವು. ಅಲ್ಲಿ ಗೆಡ್ಡೆ ಬೆಳೆದರೆ ಅದನ್ನು ತಲುಪುವುದೆಂತು? ಮೇಲಿನಿಂದ ಇಳಿಯುವುದಾದರೆ ಮಿದುಳನ್ನೇ ಎತ್ತಿ ಸರಿಸಬೇಕು.

1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯರು ಮೂಗಿನ ಮಾರ್ಗವಾಗಿ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯನ್ನು ಮುಟ್ಟಿದರು. ರೋಗಿಯು ಮೂರು ತಿಂಗಳೊಳಗೆ ತೀರಿಕೊಂಡನು. ದಾರಿ ಮಾತ್ರ ಉಳಿಯಿತು. ಅಮೆರಿಕದ ಹಾರ್ವೆ ಕುಶಿಂಗ್ ಅವರು ಆ ದಾರಿಯನ್ನು ತಿದ್ದಿ, 1910ರಿಂದ 1925ರವರೆಗೆ 231 ಮಂದಿಗೆ ಇಂಥ ಶಸ್ತ್ರಚಿಕಿತ್ಸೆ ನಡೆಸಿದರು. ಸತ್ತವರು ನೂರಕ್ಕೆ ಆರರೊಳಗೆ. ಪೆನಿಸಿಲಿನ್ ಇಲ್ಲದ ಕಾಲವದು! ಆದರೆ ಬಳಿಕ ಕುಶಿಂಗರೇ ಅದನ್ನು ಬಿಟ್ಟು ಬುರುಡೆಯನ್ನು ತೆರೆಯುವ ಕ್ರಮಕ್ಕೆ ತಿರುಗಿದರು. ಲೋಕವೂ ಅವರನ್ನೇ ಅನುಸರಿಸಿತು.

ಗುರುವು ಕೈಬಿಟ್ಟ ಪಾಠವನ್ನು ಶಿಷ್ಯರೊಬ್ಬರು ಬಿಡಲಿಲ್ಲ. ಶಾಲೆಯವರಾದ ನಮಗೆ ಈ ಚರಿತ್ರೆಯಲ್ಲಿ ಇದೇ ಹೆಚ್ಚು ರುಚಿಸುವ ಭಾಗ. ಎಡಿನ್‌ಬರೋದ ನಾರ್ಮನ್ ಡಾಟ್ ಅವರು ಮೂಗಿನ ದಾರಿಯನ್ನೇ ಹಿಡಿದಿದ್ದರು. 1956ರಲ್ಲಿ ಪ್ಯಾರಿಸ್ಸಿನ ಜೆರಾರ್ ಗಿಯೋ ಅವರು ಡಾಟ್ ಅವರಿಂದ ಅದನ್ನು ಕಲಿತರು. ಗಿಯೋ ಅವರಿಂದ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ ಕಲಿತರು. 1960ರ ದಶಕದಲ್ಲಿ ಹಾರ್ಡಿಯವರು ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ತಂದಮೇಲೆ, ಮರೆತುಹೋಗಲಿದ್ದ ಕ್ರಮವು ಲೋಕದಲ್ಲೆಲ್ಲ ಹರಡಿತು.

ಈ ಗ್ರಂಥಿಯ ಮೇಲ್ಗಡೆಯೇ ಎರಡು ದೃಷ್ಟಿನರಗಳು ಕೂಡುತ್ತವೆ. ಗೆಡ್ಡೆಯು ಅವನ್ನು ಒತ್ತಿದರೆ ಎರಡು ಬದಿಯ ನೋಟವೂ ಮಸುಕಾಗುತ್ತದೆ. ಎದುರಿನ ನೋಟ ಬಹುಕಾಲ ಉಳಿದಿರಬಹುದು. ಅಂಥ ಮಗು ಕಪ್ಪುಹಲಗೆಯನ್ನು ಓದೀತು, ಬಾಗಿಲಿನ ಚೌಕಟ್ಟಿಗೆ ಹಾಯ್ದೀತು. ಜಹೀರಾಬಾದಿನಲ್ಲಾಗಲಿ ನಾರಾಯಣಖೇಡದಲ್ಲಾಗಲಿ ಇಂಥ ಮಗುವನ್ನು ಕಂಡರೆ, ಹುಡುಗಾಟವೆಂದು ಗದರಿಸದೆ ನೇತ್ರವೈದ್ಯರಲ್ಲಿಗೆ ಕಳುಹಿಸುವುದು ಒಳಿತು. ಒತ್ತಡವು ಬೇಗನೆ ನೀಗಿದರೆ ನೋಟ ಮರಳುವ ಸಂಭವ ಹೆಚ್ಚು.

ನಮ್ಮ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು 1949ರಲ್ಲಿ ವೆಲ್ಲೂರಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ತೆರೆದರು. ಬೆಂಗಳೂರಿಗೆ 1958ರಲ್ಲಿ ಡಾಕ್ಟರ್ ಆರ್. ಎಂ. ವರ್ಮ ಅವರು ಬಂದರು. 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ಪಡೆದ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ಅವರ ಹೆಸರಿನ ಕ್ರಮವು ಗೆಡ್ಡೆಗಾಗಿ ಹುಟ್ಟಿದ್ದಲ್ಲ, ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಕ್ಕೆ. ಆದರೂ ದಾರಿ ಅದೇ ತಳದ್ದು: ದವಡೆಯ ನರವು ಹೊರಬರುವ ಅಂಡಾಕಾರದ ರಂಧ್ರದಲ್ಲಿ ಸೂಜಿಯನ್ನು ಏರಿಸಿ, ಬುರುಡೆಯನ್ನು ಕೊರೆಯದೆಯೇ ಅವರು ಮಿದುಳನ್ನು ಮುಟ್ಟಿದರು.