ಕರ್ನೆಲ್ಲಿನ ಗಡಿನಿರ್ಣಯ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ವೇಗವನ್ನೂ ಗಾತ್ರವನ್ನೂ ವರ್ಣಿಸುತ್ತಾರೆ. ಆ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮಿನೊಳಗಣ ಅಧಿಕಾರವಿಭಜನೆಯ ಚರಿತ್ರೆ ವಿದ್ಯಾರ್ಥಿಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಯಾವ ಕಾರ್ಯವು ಕರ್ನೆಲ್ಲಿನೊಳಗೆ ಇರತಕ್ಕದ್ದು, ಯಾವುದು ಅದರ ಹೊರಗೆ ಬಳಕೆದಾರನ ವಲಯದಲ್ಲಿ ಇರತಕ್ಕದ್ದು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ಪರಿಶೀಲಿಸಿ, ಅವು ಬದಲಾದುದಕ್ಕೆ ಕಾರಣವನ್ನು ಅರಿಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಕರ್ನೆಲ್ ಎಂದರೆ ತಿರುಳು. ಇದು ಪ್ರೊಸೆಸರಿನ ವಿಶೇಷಾಧಿಕಾರದ ಸ್ಥಿತಿಯಲ್ಲಿ ನಡೆಯುವ ಪ್ರೋಗ್ರಾಮು. ಇಡೀ ಮೆಮೊರಿಯೂ ಸಕಲ ಸಾಧನಗಳೂ ಇದರ ವಶದಲ್ಲಿವೆ. ಹೊರವಲಯದ ಪ್ರೋಗ್ರಾಮಿಗೆ ತನಗೆ ಕೊಟ್ಟಷ್ಟು ಮೆಮೊರಿ ಮಾತ್ರ ಎಟಕುತ್ತದೆ. ಉಳಿದುದಕ್ಕೆಲ್ಲ ಅದು ಕರ್ನೆಲ್ಲನ್ನು ಕೇಳಿಕೊಳ್ಳಬೇಕು. ಹೊರಗೆ ದೋಷವುಂಟಾದರೆ ಸಾಮಾನ್ಯವಾಗಿ ಆ ಒಂದು ಪ್ರೋಗ್ರಾಮು ನಿಲ್ಲುತ್ತದೆ. ಒಳಗೆ ಉಂಟಾದರೆ ಇಡೀ ಯಂತ್ರವೇ ನಿಲ್ಲಬಹುದು. ಆದರೆ ಗಡಿಯನ್ನು ದಾಟಿದಾಗಲೆಲ್ಲ ಕಾಲವ್ಯಯವಾಗುತ್ತದೆ. ಕ್ಷೇಮ ಮತ್ತು ವೇಗ ಇವೆರಡರ ಸೆಣಸಾಟವೇ ಈ ಗಡಿಯ ಇತಿಹಾಸವೆನ್ನಬಹುದು.

1969ರಲ್ಲಿ ಎರಡು ಭಿನ್ನ ಮಾರ್ಗಗಳು ಕಾಣಿಸಿಕೊಂಡುವು. ಡೆನ್ಮಾರ್ಕಿನ ರೆಗ್ನೆಸೆಂಟ್ರಾಲೆನ್ ಸಂಸ್ಥೆಯಲ್ಲಿ ಪೇರ್ ಬ್ರಿಂಚ್ ಹಾನ್ಸೆನ್ ಮತ್ತು ಅವರ ಸಹೋದ್ಯೋಗಿಗಳು ಆರ್‌ಸಿ 4000 ಯಂತ್ರಕ್ಕಾಗಿ ರಚಿಸಿದ ತಿರುಳು, ಪ್ರಕ್ರಿಯೆಗಳನ್ನು ಹುಟ್ಟಿಸುವುದು, ಅವುಗಳ ನಡುವೆ ಸಂದೇಶ ಸಾಗಿಸುವುದು ಮುಂತಾದ ಮೂಲಕಾರ್ಯಗಳನ್ನು ಮಾತ್ರ ಇಟ್ಟುಕೊಂಡಿತು. ಯಂತ್ರವನ್ನು ಯಾವ ನೀತಿಯಿಂದ ನಡೆಸಬೇಕೆಂಬುದನ್ನು ಹೊರಗಿನ ಪ್ರೋಗ್ರಾಮುಗಳಿಗೆ ಬಿಟ್ಟಿತು. ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸಿನಲ್ಲಿ ಕಡತವ್ಯವಸ್ಥೆ ಒಳಗೇ ಉಳಿಯಿತು. ಆದರೆ ಬಳಕೆದಾರನ ಆಜ್ಞೆಗಳನ್ನು ಓದುವ ‘ಶೆಲ್’ ಅಲ್ಲಿ ಒಂದು ಸಾಮಾನ್ಯ ಪ್ರೋಗ್ರಾಮಾಗಿತ್ತು. ಆದುದರಿಂದಲೇ 1979ರ ಏಳನೆಯ ಆವೃತ್ತಿಯಲ್ಲಿ ಹಳೆಯ ಶೆಲ್ಲಿನ ಸ್ಥಾನಕ್ಕೆ ಸ್ಟೀಫನ್ ಬೋರ್ನ್ ಅವರ ಹೊಸ ಶೆಲ್ ಬರುವುದು ಸುಲಭವಾಯಿತು.

ಕಾಲಕ್ರಮದಲ್ಲಿ ಯೂನಿಕ್ಸಿನ ತಿರುಳು ಬೆಳೆಯಿತು. 1983ರ ಬರ್ಕ್ಲಿ ಆವೃತ್ತಿಯಲ್ಲಿ ಜಾಲಸಂಪರ್ಕದ ಕಾರ್ಯಗಳೂ ಒಳಸೇರಿದುವು. ಇದಕ್ಕೆ ಪ್ರತಿಕ್ರಿಯೆಯೆಂಬಂತೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1985ರಲ್ಲಿ ಆರಂಭವಾದ ‘ಮಾಕ್’ ಯೋಜನೆ, ಮುಂದೆ ತನ್ನ ಮೂರನೆಯ ಆವೃತ್ತಿಯಲ್ಲಿ, ಯೂನಿಕ್ಸಿನ ಕಾರ್ಯಗಳನ್ನು ಹೊರವಲಯಕ್ಕೆ ಕಳುಹಿಸಿತು. ಅದು ನಿಧಾನವೆಂದು ಕಂಡುಬಂದಾಗ, ಮಾರ್ಗವೇ ತಪ್ಪೆಂದು ಅನೇಕರು ನಿರ್ಣಯಿಸಿದರು. 1992ರ ಜನವರಿಯಲ್ಲಿ ಆಂಡ್ರ್ಯೂ ಟನೆನ್‌ಬೌಮ್ ಮತ್ತು ಲಿನಸ್ ಟೋರ್ವಾಲ್ಡ್ಸ್ ನಡುವೆ ನಡೆದ ಪ್ರಸಿದ್ಧ ವಾದವಿವಾದದ ತಿರುಳೂ ಇದೇ. 1996ರ ವಿಂಡೋಸ್ ಎನ್‌ಟಿ 4.0ರಲ್ಲಿ, ಅದುವರೆಗೆ ಹೊರಗಿದ್ದ ಚಿತ್ರಣದ ಕಾರ್ಯವನ್ನೂ ವೇಗಕ್ಕಾಗಿ ಕರ್ನೆಲ್ಲಿನೊಳಕ್ಕೆ ತರಲಾಯಿತು.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಎಚ್ಚರದಿಂದಿರಬೇಕು. ಮಾಕ್ ನಿಧಾನವಾಗಿತ್ತೆಂಬುದು ಸತ್ಯ. ಅದರಿಂದ ತತ್ತ್ವವೇ ದುಷ್ಟವೆಂದು ಸಿದ್ಧವಾಗುವುದಿಲ್ಲ. ಜರ್ಮನಿಯ ಯೋಖೆನ್ ಲೀಟ್ಕೆ ಅವರು ತಮ್ಮ ‘ಎಲ್4’ ರಚನೆಯಿಂದ, ದೋಷವು ಹೆಚ್ಚಾಗಿ ಕಟ್ಟಡದ್ದು, ತತ್ತ್ವದ್ದಲ್ಲ ಎಂಬುದನ್ನು ತೋರಿಸಿಕೊಟ್ಟರು. 1995ರಲ್ಲಿ ಅವರು ಮಂಡಿಸಿದ ಸೂತ್ರದ ಭಾವ ಇಷ್ಟು: ಹೊರಗಿಟ್ಟರೆ ವ್ಯವಸ್ಥೆಗೆ ಅವಶ್ಯವಾದ ಕಾರ್ಯವೇ ಅಸಾಧ್ಯವಾಗುವಂಥದನ್ನು ಮಾತ್ರ ಒಳಗೆ ಸಹಿಸಬೇಕು. ಈ ಪರಂಪರೆಯ ‘ಸೆಲ್4’ ತಿರುಳಿನಲ್ಲಿ ಸಿ ಭಾಷೆಯ ಸುಮಾರು 8,700 ಸಾಲುಗಳಿದ್ದುವು. ಅದು ಅಷ್ಟು ಕಿರಿದಾಗಿದ್ದುದರಿಂದಲೇ, ತನ್ನ ಲಕ್ಷಣನಿರೂಪಣೆಗೆ ಅನುಗುಣವಾಗಿದೆಯೆಂದು 2009ರಲ್ಲಿ ಯಂತ್ರಪರಿಶೀಲಿತವಾದ ಗಣಿತಪ್ರಮಾಣದಿಂದ ಸಾಧಿಸುವುದು ಶಕ್ಯವಾಯಿತು.

ಗಡಿಯು ಹಿಂದಕ್ಕೆ ಸರಿದ ಉದಾಹರಣೆಗಳೂ ಉಂಟು. ಲಿನಕ್ಸಿನ 2001ರ 2.4 ಆವೃತ್ತಿಯಲ್ಲಿ ಜಾಲಪುಟಗಳನ್ನು ಒದಗಿಸುವ ಒಂದು ಸರ್ವರ್ ಕರ್ನೆಲ್ಲಿನೊಳಗೇ ಇತ್ತು. ಹೊರಗಿನ ಸರ್ವರುಗಳು ಸಾಕಷ್ಟು ಚುರುಕಾದ ಮೇಲೆ ಅದಕ್ಕೆ ಕಾರಣವುಳಿಯಲಿಲ್ಲ, 2003ರ 2.6 ಆವೃತ್ತಿಯಲ್ಲಿ ಅದು ಇಲ್ಲ. ಆದರೂ ಹೊರಗಿಟ್ಟ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ಭಾವಿಸಲಾಗದು. ಕಡತವ್ಯವಸ್ಥೆಯು ಹೊರಗಿದ್ದು ನಿಂತುಹೋದರೆ, ಅದನ್ನು ನಂಬಿದ ಪ್ರೋಗ್ರಾಮುಗಳೂ ನಿಲ್ಲಬೇಕಾಗುತ್ತದೆ.

ಈ ವಿಚಾರವು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದು 2024ರ ಜುಲೈ 19ರಂದು ಲೋಕಕ್ಕೆ ವೇದ್ಯವಾಯಿತು. ವಿಂಡೋಸ್ ಯಂತ್ರಗಳ ಕರ್ನೆಲ್ಲಿನೊಳಗೆ ನಡೆಯುತ್ತಿದ್ದ ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ದೋಷಯುಕ್ತವಾದ ಒಂದು ದತ್ತಾಂಶ ಕಡತವು ಬಂದಿತು. ತಂತ್ರಾಂಶವು 20 ಅಂಶಗಳನ್ನು ಒದಗಿಸುತ್ತಿದ್ದಲ್ಲಿ, ಕಡತವು 21ನೆಯದನ್ನು ನೋಡುವಂತೆ ವಿಧಿಸಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ 85 ಲಕ್ಷ ಯಂತ್ರಗಳು ಬಾಧಿತವಾದುವು. ವಿಮಾನಗಳು ರದ್ದಾದುವು, ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಘಟನೆಗಳನ್ನು ಗಮನಿಸುವ ಅಲ್ಪ ಭಾಗವು ಒಳಗಿರುವುದು ಅವಶ್ಯವಿರಬಹುದು. ಹೊರಗಿನಿಂದ ಬಂದ ನಿಯಮಗಳನ್ನು ಅರ್ಥೈಸುವ ಕಾರ್ಯವೂ ಅಲ್ಲಿಯೇ ಇರಬೇಕಿತ್ತೇ? ಇರಬೇಕಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಮೇಲಿನ ಸಂಗತಿಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಕರ್ನೆಲ್ಲಿನ ಗಡಿಯು ನಿಸರ್ಗದತ್ತವಾದುದಲ್ಲ; ಆಯಾ ಕಾಲದ ಯಂತ್ರಗಳ ವೇಗ, ಆಯಾ ರಚನೆಯ ಗುಣದೋಷಗಳು ಅದನ್ನು ಎಳೆದಿವೆ. ಆ ಕಾರಣಗಳು ಬೇಗ ಅಳಿಯುತ್ತವೆ, ಅವುಗಳ ಆಧಾರದ ಮೇಲೆ ಎಳೆದ ಗೆರೆ ಮಾತ್ರ ಬಹುಕಾಲ ಉಳಿಯುತ್ತದೆ. ಆದುದರಿಂದ ಒಂದು ಕಾರ್ಯವನ್ನು ಒಳಗಿಡಬೇಕೆನ್ನುವವನೇ ಅದಕ್ಕೆ ಪ್ರಮಾಣವನ್ನು ಒದಗಿಸಬೇಕು. ಹಳೆಯ ಪ್ರಮಾಣವನ್ನು ಹೊಸ ಯಂತ್ರದ ಮೇಲೆ ಮತ್ತೆ ಅಳೆದು ನೋಡಬೇಕು. ಶಾಸನದ ಕಾಲವನ್ನು ನಿರ್ಣಯಿಸದೆ ಅದರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಆ ನಿಯಮವು ಇಲ್ಲಿಯೂ ಸಲ್ಲುತ್ತದೆ.